ಆಪ್ತಸಲಹೆ ಪ್ರಕರಣ: ಕದ್ದ ಉತ್ತರ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಶಿರಸಿ ಸಮೀಪದ ಅಡಿಕೆ ತೋಟದ ಮನೆ. ಮಗ ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಾನೆ. ಅವನನ್ನು ಕರೆತಂದ ಆಯಿಯ ದೂರು ಇಷ್ಟು: "ಕೊನೆಕೊಯ್ಲಿನ ದಿನವೂ ಮೆತ್ತಿಯಿಂದ ಇಳಿಯಲಿಲ್ಲ. ರಾತ್ರಿಯಿಡೀ ಕಂಪ್ಯೂಟರ್. ಜೂಜೇ ಇರಬೇಕು."

ಜೂಜಲ್ಲ, ಗಣಿತ. 2001ರಲ್ಲಿ ಶುರುವಾದ 'ಪ್ರಾಜೆಕ್ಟ್ ಆಯ್ಲರ್' ಎಂಬ ಜಾಲತಾಣದ, ಕಂಪ್ಯೂಟರ್ ಬಳಸಿ ಬಿಡಿಸುವ ಒಗಟುಗಳ ಸರಣಿ. ಸಾವಿರದೊಳಗೆ 3 ಅಥವಾ 5ರಿಂದ ಭಾಗವಾಗುವ ಸಂಖ್ಯೆಗಳನ್ನು ಕೂಡಿಸಿ ಎನ್ನುವುದು ಮೊದಲನೆಯದು. ಹೈಸ್ಕೂಲು ಮಕ್ಕಳೂ ಮಾಡಿಯಾರು. ಆಮೇಲೆ ಬಿಗಿಯಾಗುತ್ತದೆ.

ಒಬ್ಬನೇ ಕುಳಿತಾಗ 67ನೆಯದನ್ನು ಕೇಳದೆಯೇ ವಿವರಿಸಿದ. ನೂರು ಸಾಲುಗಳ ಅಂಕಿಗಳ ತ್ರಿಕೋನ; ತುದಿಯಿಂದ ಬುಡಕ್ಕೆ ಇಳಿಯುವಾಗ ಅತಿ ಹೆಚ್ಚು ಮೊತ್ತ ಕೊಡುವ ದಾರಿ ಬೇಕು. ಸೆಕೆಂಡಿಗೆ ಲಕ್ಷ ಕೋಟಿ ದಾರಿಗಳನ್ನು ಪರೀಕ್ಷಿಸಿದರೂ ಎಲ್ಲವನ್ನೂ ಮುಗಿಸಲು 2,000 ಕೋಟಿ ವರ್ಷ ಸಾಲದು. ಬುಡದಿಂದ ಹೊರಟು, ಪ್ರತಿ ಅಂಕಿಗೆ ಅದರ ಕೆಳಗಿನ ಎರಡರಲ್ಲಿ ದೊಡ್ಡದನ್ನು ಕೂಡಿಸುತ್ತಾ ಏರಿದರೆ 4,950 ಕೂಡಿಕೆಗಳಲ್ಲಿ ಕೆಲಸ ಮುಗಿಯುತ್ತದೆ! ಬಚ್ಚಲ ಒಲೆಗೆ ಬೆಂಕಿ ಹಾಕುವಾಗ ಅದು ಹೊಳೆಯಿತಂತೆ. ಹೇಳುವಾಗ ಅವನ ಮುಖ ನೋಡಬೇಕಿತ್ತು. ಗಣಿತದಲ್ಲಿ ನಾನು ಅಷ್ಟಕ್ಕಷ್ಟೇ, ಆದರೂ ಖುಷಿಯಾಯಿತು.

ಮುಂದಿನ ಮಾತಿಗೆ ದನಿ ಇಳಿಯಿತು. ಇನ್ನೊಂದು ಒಗಟಿನಲ್ಲಿ ವಾರಗಟ್ಟಲೆ ಸಿಕ್ಕಿಬಿದ್ದು, ಕೊನೆಗೆ ಅಂತರ್ಜಾಲದಲ್ಲಿ ಯಾರೋ ಹಾಕಿದ್ದ ಉತ್ತರವನ್ನು ನಕಲು ಮಾಡಿದ್ದ. 'ಸರಿ' ಎಂದು ಬಂತು. ಗೆಳೆಯರು ಹೊಗಳಿದರು. ಅಂದಿನಿಂದ ಆ ಕೊರತೆಯನ್ನು ತುಂಬಲೆಂದು ಒಂದರ ಹಿಂದೆ ಒಂದು ಒಗಟಿಗೆ ಕೈ ಹಾಕಿದ, ಯಾವುದೂ ರುಚಿಸಲಿಲ್ಲ.

ಆಫೀಸಿನ ಕೆಲಸ ತಪ್ಪಿಸಿರಲಿಲ್ಲ, ಹಣ ಕಳೆದಿರಲಿಲ್ಲ. ಇದನ್ನು ಚಟ ಎನ್ನಲು ನನಗೆ ಕಾರಣ ಕಾಣಲಿಲ್ಲ. ಸಿಕ್ಕಿಬಿದ್ದದ್ದಕ್ಕಿಂತ ಸಿಕ್ಕನ್ನು ತಾನೇ ಬಿಡಿಸುವ ಅವಕಾಶ ಕೈತಪ್ಪಿದ್ದೇ ಅವನನ್ನು ಕೊರೆಯುತ್ತಿತ್ತು. ಆದ್ದರಿಂದ ಬಿಟ್ಟುಬಿಡಿ ಎನ್ನಲಿಲ್ಲ. ನಕಲು ಮಾಡಿದ ಒಗಟನ್ನೇ ಮೊದಲಿನಿಂದ ಹಿಡಿಯಿರಿ, ಉತ್ತರ ಗೊತ್ತಿದ್ದರೂ ದಾರಿ ನಿಮ್ಮದಾಗಲಿ ಎಂದೆ. ರಾತ್ರಿ ಹತ್ತಕ್ಕೆ ಕಂಪ್ಯೂಟರ್ ಮುಚ್ಚಬೇಕು. ಮುಚ್ಚುವ ಮೊದಲು ಎಲ್ಲಿ ನಿಂತಿದೆ, ನಾಳೆ ಏನು ಪ್ರಯತ್ನಿಸುವುದು ಎಂದು ಕಾಗದದಲ್ಲಿ ಬರೆದಿಡಬೇಕು. ಅರೆಬರೆ ಉಳಿದ ಕೆಲಸ ಮುಗಿದದ್ದಕ್ಕಿಂತ ಹೆಚ್ಚು ನೆನಪಿನಲ್ಲಿರುತ್ತದೆ ಎಂದು ಮನೋವಿಜ್ಞಾನಿ ಬ್ಲೂಮಾ ಝೈಗಾರ್ನಿಕ್ 1927ರಲ್ಲೇ ಬರೆದಿದ್ದರು. ನಂತರದ ಹಲವು ಪ್ರಯೋಗಗಳು ಅದನ್ನು ಒಪ್ಪಲಿಲ್ಲ, ಆದರೆ ಹಾಸಿಗೆಯಲ್ಲೂ ಲೆಕ್ಕ ಹಾಕುವವರಿಗೆ ಕಾಗದ ನೆರವಾಗುವುದನ್ನು ಕಂಡಿದ್ದೇನೆ. ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ವೈದ್ಯರನ್ನು ಕಾಣಲೂ ಹೇಳಿದೆ. ಕೊಯ್ಲಿನ ದಿನ ಕೆಳಗಿಳಿಯುವುದು ಚಿಕಿತ್ಸೆಯಲ್ಲ, ಮನೆಯ ಕೆಲಸ. ಅದರಲ್ಲಿ ರಿಯಾಯಿತಿ ಇಲ್ಲ.

ಆಯಿಗೂ ಒಂದು ಮಾತು ಹೇಳಬೇಕಾಯಿತು: "ಜೂಜು ಎನ್ನಬೇಡಿ. ಇವತ್ತು ಎಲ್ಲಿ ಸಿಕ್ಕಿಕೊಂಡೆ ಎಂದು ಕೇಳಿ." "ಕೇಳಿದರೆ ನನಗೆ ತಿಳಿಯಬೇಕಲ್ಲ?" ಎಂದರು. ತಿಳಿಯದಿದ್ದರೂ ಅಡ್ಡಿಯಿಲ್ಲ ಎಂದೆ.

ಮುಂದಿನ ಭೇಟಿಯ ಹೊತ್ತಿಗೂ ಆ ಒಗಟು ಬಿಡಿಸಿರಲಿಲ್ಲ. ನಿದ್ದೆ ಬರುತ್ತಿತ್ತು. ನಕಲಿನ ವಿಷಯವನ್ನು ಗೆಳೆಯರಲ್ಲಿ ಒಬ್ಬನಿಗೆ ಹೇಳಿದ್ದ. ಅವನೂ ಎರಡನ್ನು ಹಾಗೆಯೇ ದಾಟಿದ್ದನಂತೆ.