ಪಾಲಿಕೆಯ ಕಾನೂನು ಅಧಿಕಾರಿ ಯಾರ ಪರ? ಓದುಗರ ಪ್ರಶ್ನೆಗಳಿಗೆ ಉತ್ತರ

ಮಹಾನಗರ ಪಾಲಿಕೆಗಳ ಕಾನೂನು ಶಾಖೆಯ ಬಗ್ಗೆ ಈ ಸಲ ಸಾಕಷ್ಟು ಪತ್ರಗಳು ಬಂದಿವೆ. ಒಂದೇ ಬಗೆಯವನ್ನು ಒಟ್ಟುಗೂಡಿಸಿ ಆರು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಎಲ್‌ಎಲ್‌ಬಿ ಮುಗಿಸಿದ್ದೇನೆ. ಪಾಲಿಕೆಯಲ್ಲಿ ಕಾನೂನು ಅಧಿಕಾರಿಯಾದರೆ ಕೋರ್ಟಿನಲ್ಲಿ ವಾದ ಮಾಡಬಹುದೇ? ನಿಜವಾದ ಕೆಲಸ ಏನಿರುತ್ತದೆ? (ದಾವಣಗೆರೆ)

ವಾದ ಮಾಡುವ ಆಸೆ ಇದ್ದರೆ ಈ ನೌಕರಿ ನಿಮಗಲ್ಲ. ಪೂರ್ಣಾವಧಿ ಸಂಬಳದ ನೌಕರಿಯಲ್ಲಿ ಇರುವವರು ವಕೀಲಿ ಮಾಡುವಂತಿಲ್ಲ ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮ 49 ಹೇಳುತ್ತದೆ. ನೌಕರಿ ಸೇರಿದ ಕೂಡಲೇ ಅದನ್ನು ವಕೀಲರ ಪರಿಷತ್ತಿಗೆ ತಿಳಿಸಬೇಕು, ವಕೀಲಿ ನಿಲ್ಲಿಸಬೇಕು. ಕೋರ್ಟಿನಲ್ಲಿ ನಿಂತು ವಾದಿಸುವುದೇ ಕೆಲಸವಾಗಿರುವ ಸರ್ಕಾರಿ ಅಭಿಯೋಜಕರ ಮಾತು ಬೇರೆ. ಅವರು ವಕೀಲರಾಗಿಯೇ ಉಳಿಯುತ್ತಾರೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಪಾಲಿಕೆಯ ಕಾನೂನು ಅಧಿಕಾರಿಯದು ಕಡತದ ಕೆಲಸ, ವಾದಕ್ಕೆ ಪ್ಯಾನೆಲ್ ವಕೀಲರು, ಅಂದರೆ ಪಾಲಿಕೆ ತನ್ನ ಪಟ್ಟಿಯಲ್ಲಿ ಇಟ್ಟುಕೊಂಡ ಹೊರಗಿನ ವಕೀಲರು ಇರುತ್ತಾರೆ.

ಆದರೆ ಪಾಲಿಕೆ ಸೋಲುವ ಕೇಸುಗಳಲ್ಲಿ ಬಹಳಷ್ಟು ವಾದದಲ್ಲಿ ಸೋಲುವುದಿಲ್ಲ, ಕಡತದಲ್ಲೇ ಸೋತಿರುತ್ತವೆ. ಸಮನ್ಸ್ ಟಪಾಲಿಗೆ ಬಂದ ದಿನವೇ ಅದರ ಮೇಲೆ ದಿನಾಂಕ ಬೀಳಬೇಕು. ಕೇಸ್ ನಂಬರು, ಯಾವ ನ್ಯಾಯಾಲಯ, ಯಾವ ಶಾಖೆಗೆ ಸಂಬಂಧಿಸಿದ್ದು, ಮುಂದಿನ ದಿನಾಂಕ, ಉತ್ತರ ಸಲ್ಲಿಸುವ ಕಡೆಯ ದಿನ, ಇಷ್ಟೂ ವಹಿಯಲ್ಲಿ ದಾಖಲಾಗಬೇಕು. ಸಮನ್ಸ್ ಜಾರಿಯಾದ ದಿನದಿಂದ ಲಿಖಿತ ಹೇಳಿಕೆಗೆ 30 ದಿನ, ನ್ಯಾಯಾಲಯ ಒಪ್ಪಿದರೆ 90 ದಿನ. ಸಾಮಾನ್ಯ ದಾವೆಯಲ್ಲಿ ಅದನ್ನೂ ಮೀರಿದರೆ ದಂಡ ಹಾಕಿ ಸ್ವೀಕರಿಸುವುದುಂಟು. ವಾಣಿಜ್ಯ ವ್ಯಾಜ್ಯವಾದರೆ 120 ದಿನಕ್ಕೆ ಬಾಗಿಲು ಮುಚ್ಚುತ್ತದೆ, ಮತ್ತೆ ತೆರೆಯುವುದಿಲ್ಲ. ಗುತ್ತಿಗೆದಾರ ಬಿಲ್ ಬಾಕಿಗೆ ಹಾಕುವ ದಾವೆ 3 ಲಕ್ಷ ರೂಪಾಯಿ ಮುಟ್ಟಿದರೆ ವಾಣಿಜ್ಯ ವ್ಯಾಜ್ಯ ಆಗಬಹುದು. ಹೊಸಬರು ಎಡವುವುದು ಇಲ್ಲೇ.

ಮುಂದಿನದು ಪ್ಯಾರಾವಾರು ಉತ್ತರ. ದಾವಾಪತ್ರದ ಪ್ರತಿ ಪ್ಯಾರಾಕ್ಕೂ ಸಂಬಂಧಪಟ್ಟ ಎಂಜಿನಿಯರೋ ಕಂದಾಯ ಅಧಿಕಾರಿಯೋ ಮೂರು ಸಂಗತಿ ಬರೆದು ಕಳಿಸಬೇಕು: ಒಪ್ಪುತ್ತೇವೆಯೋ ಇಲ್ಲವೋ, ಇಲ್ಲವಾದರೆ ಯಾಕೆ, ಅದಕ್ಕೆ ದಾಖಲೆ ಕಡತದ ಯಾವ ಪುಟದಲ್ಲಿದೆ. ಬರುವುದು ಮಾತ್ರ "ವಾದಿಯ ಹೇಳಿಕೆ ಸತ್ಯಕ್ಕೆ ದೂರ" ಎಂಬ ಒಂದು ಸಾಲು. ಅದನ್ನೇ ಪ್ಯಾನೆಲ್ ವಕೀಲರಿಗೆ ದಾಟಿಸುವವರು ಅಂಚೆಯವರಷ್ಟೇ. ಕಡತ ವಾಪಸ್ ಕಳಿಸಿ, ಸ್ಥಳ ತನಿಖೆ ಮಾಡಿಸಿ, ಪುಟಸಂಖ್ಯೆ ಹಾಕಿಸಿ ತರಿಸಿಕೊಳ್ಳುವುದು ಕಾನೂನು ಅಧಿಕಾರಿಯ ಕೆಲಸ. ಒಳಗಿನ ಟಿಪ್ಪಣಿ ಹಾಳೆ ಮತ್ತು ಕೋರ್ಟಿಗೆ ಹಾಜರುಪಡಿಸುವ ಕಾಗದಪತ್ರ ಬೇರೆ ಬೇರೆ ಇರಲಿ. ಎರಡೂ ಬೆರೆತು ಎದುರಾಳಿಯ ಕೈಗೆ ಹೋದರೆ ಆಮೇಲೆ ಮಾಡಲು ಏನೂ ಇರುವುದಿಲ್ಲ.

ತೀರ್ಪು ವಿರುದ್ಧ ಬಂದರೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ 30 ದಿನದಲ್ಲಿ, ಹೈಕೋರ್ಟಿಗೆ 90 ದಿನದಲ್ಲಿ. ದೃಢೀಕೃತ ಪ್ರತಿಗೆ ಕಾದ ದಿನಗಳನ್ನು ಕಳೆಯುತ್ತಾರೆ, ಆದರೆ ಆ ಪ್ರತಿಗೆ ಅರ್ಜಿಯನ್ನೇ ತಡವಾಗಿ ಹಾಕಿದ್ದರೆ ಪ್ರಯೋಜನವಿಲ್ಲ. ಮಧ್ಯಸ್ಥಿಕೆ ತೀರ್ಪನ್ನು ಪ್ರಶ್ನಿಸಲು ಮೂರು ತಿಂಗಳು, ಸಕಾರಣವಿದ್ದರೆ ಇನ್ನು 30 ದಿನ, ಅಲ್ಲಿಗೆ ಮುಗಿಯಿತು. ಕಡತ ಮೇಜಿನಿಂದ ಮೇಜಿಗೆ ತಿರುಗುತ್ತಿತ್ತು ಎನ್ನುವುದು ವಿಳಂಬಕ್ಕೆ ಕಾರಣವಾಗದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಅಂಚೆ ಇಲಾಖೆಯ ಪ್ರಕರಣವೊಂದರಲ್ಲಿ ಹೇಳಿದ್ದನ್ನು ಎದುರಾಳಿ ವಕೀಲರು ಎತ್ತಿ ಓದದೆ ಬಿಡುವುದಿಲ್ಲ.

ಪಕ್ಕದವರು ನಕ್ಷೆ ಮೀರಿ ಮೂರನೇ ಅಂತಸ್ತು ಕಟ್ಟಿದ್ದಾರೆ. ಪಾಲಿಕೆ ನೋಟಿಸ್ ಕೊಟ್ಟಿತು, ಅವರು ತಡೆಯಾಜ್ಞೆ ತಂದರು. "ಕೋರ್ಟಿನಲ್ಲಿದೆ, ಏನೂ ಮಾಡಲಾಗದು" ಎನ್ನುತ್ತಾರೆ ಎಂಜಿನಿಯರ್. ನಿಜವೇ? (ಹುಬ್ಬಳ್ಳಿ)

ಅರ್ಧ ನಿಜ. ಮೊದಲು ಆದೇಶದಲ್ಲಿ ಏನು ಬರೆದಿದೆ ನೋಡಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ಪಕ್ಷಗಾರರ ಹೆಸರು ಹಾಕಿ ಹುಡುಕಿದರೆ ಕೇಸ್ ನಂಬರು ಸಿಗುತ್ತದೆ. ಸಿಗದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಪಾಲಿಕೆಯನ್ನೇ ಕೇಳಿ. ಆದೇಶದಲ್ಲಿ "ಯಥಾಸ್ಥಿತಿ ಕಾಪಾಡಬೇಕು" ಎಂದಿದ್ದರೆ ಅದು ಸಾಮಾನ್ಯವಾಗಿ ಕಟ್ಟುವವರನ್ನೂ ಕಟ್ಟಿಹಾಕುತ್ತದೆ. ಅವರು ಪ್ಲಾಸ್ಟರಿಂಗ್, ಟೈಲ್ಸ್ ಮುಂದುವರಿಸಿದ್ದರೆ ದಿನಾಂಕ ಕಾಣುವ ಫೋಟೊಗಳ ಸಮೇತ ಕಾನೂನು ಶಾಖೆಗೆ ಬರಹದಲ್ಲಿ ಕೊಡಿ.

ಎದುರು ಪಕ್ಷವನ್ನು ಕೇಳದೆ ಕೊಟ್ಟ ತಾತ್ಕಾಲಿಕ ತಡೆಯಾಜ್ಞೆಯ ಅರ್ಜಿಯನ್ನು 30 ದಿನದೊಳಗೆ ಇತ್ಯರ್ಥ ಮಾಡಲು ನ್ಯಾಯಾಲಯ ಯತ್ನಿಸಬೇಕು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39, ನಿಯಮ 3ಎ ಹೇಳುತ್ತದೆ. ಅದನ್ನು ತೆರವು ಮಾಡಿಸಲು ಪಾಲಿಕೆ ನಿಯಮ 4ರಡಿ ಅರ್ಜಿ ಹಾಕಬಹುದು. ಆ ಅರ್ಜಿ ಹಾಕಿದ್ದಾರೆಯೇ, ಯಾವ ದಿನ, ಮುಂದಿನ ವಿಚಾರಣೆ ಯಾವಾಗ: ಈ ಮೂರನ್ನು ಕೇಳಿ. ಉತ್ತರ ತಡವರಿಸಿದರೆ ಹಾಕಿಲ್ಲ ಎಂದೇ ತಿಳಿಯಿರಿ.

ಈ ಪರಿಸ್ಥಿತಿಯನ್ನು ಮುಂಚೆಯೇ ತಪ್ಪಿಸಬಹುದಿತ್ತು. ಕರ್ನಾಟಕ ಪೌರ ನಿಗಮಗಳ ಕಾಯ್ದೆ 1976ರ ಕಲಂ 321ರಲ್ಲಿ ಮೊದಲು ತಾತ್ಕಾಲಿಕ ಆದೇಶ, ಅದರೊಂದಿಗೆ ಕಾರಣ ಕೇಳುವ ನೋಟಿಸ್, ಮಾಲೀಕರ ಸಮಜಾಯಿಷಿ ನೋಡಿದ ಮೇಲೆ ದೃಢೀಕರಣ ಆದೇಶ. ದೃಢೀಕರಣ ಆದೇಶಕ್ಕೆ ಸಹಿ ಬೀಳುವ ಹೊತ್ತಿಗೇ ಕಾನೂನು ಅಧಿಕಾರಿ ಕೇವಿಯಟ್ ಹಾಕಿಸಿರಬೇಕು. ಅದು 90 ದಿನ ಜೀವಂತವಿರುತ್ತದೆ, ಪಾಲಿಕೆಗೆ ತಿಳಿಸದೆ ತಡೆಯಾಜ್ಞೆ ಕೊಡುವುದನ್ನು ತಡೆಯುತ್ತದೆ. ಸಿವಿಲ್ ಕೋರ್ಟಿನಲ್ಲಿ ಮಾತ್ರ ಹಾಕಿ ಹೈಕೋರ್ಟನ್ನು ಮರೆಯುವುದು ಸಾಮಾನ್ಯ ತಪ್ಪು.

ಆದೇಶಗಳು ಬಿದ್ದುಹೋಗುವ ಕಾರಣಗಳೂ ಹಳೆಯವೇ. ಕಟ್ಟಡದ ಸುತ್ತ ಎಷ್ಟು ಅಡಿ ಖಾಲಿ ಜಾಗ (ಸೆಟ್‌ಬ್ಯಾಕ್) ಬಿಡಬೇಕಿತ್ತು, ಎಷ್ಟು ಬಿಟ್ಟಿದ್ದಾರೆ ಎಂಬ ಅಳತೆ ಇರುವುದಿಲ್ಲ. "ನಕ್ಷೆ ಉಲ್ಲಂಘಿಸಿದ್ದೀರಿ" ಎಂದಷ್ಟೇ ಇರುತ್ತದೆ. ಸ್ಥಳ ಮಹಜರು ಇರುವುದಿಲ್ಲ. ಮಾಲೀಕರ ಉತ್ತರವನ್ನು "ಸಮಂಜಸವಾಗಿಲ್ಲ" ಎಂಬ ಒಂದೇ ಪದದಲ್ಲಿ ತಳ್ಳಿಹಾಕಿರುತ್ತಾರೆ. ಸಹಿ ಮಾಡಿದವರಿಗೆ ಆಯುಕ್ತರು ಅಧಿಕಾರ ವಹಿಸಿಕೊಟ್ಟ ಆದೇಶ ಕಡತದಲ್ಲಿ ಇರುವುದಿಲ್ಲ. ಇದರ ಮೇಲೆ 2024ರ ನವೆಂಬರ್ 13ರ ಸುಪ್ರೀಂ ಕೋರ್ಟ್ ತೀರ್ಪು ಬಂದಿದೆ: ತೆರವಿಗೆ ಮುಂಚೆ ಕನಿಷ್ಠ 15 ದಿನದ ನೋಟಿಸ್, ಖುದ್ದು ವಿಚಾರಣೆ, ಕಾರಣ ಬರೆದ ಅಂತಿಮ ಆದೇಶ, ಆಮೇಲೆ ಮಾಲೀಕರೇ ತೆಗೆಯಲು ಮತ್ತೆ 15 ದಿನ, ತೆರವಿನ ವಿಡಿಯೊ ಚಿತ್ರೀಕರಣ. ರಸ್ತೆ, ಫುಟ್‌ಪಾತ್, ಜಲಮೂಲದಂಥ ಸಾರ್ವಜನಿಕ ಜಾಗದ ಒತ್ತುವರಿಗೆ ಈ ನಿರ್ದೇಶನಗಳು ಅನ್ವಯಿಸುವುದಿಲ್ಲ. ನಿಮ್ಮ ಪಕ್ಕದವರದು ಸ್ವಂತ ನಿವೇಶನ, ಹಾಗಾಗಿ ಅನ್ವಯಿಸುತ್ತದೆ.

ನೀವೂ ಆ ದಾವೆಯಲ್ಲಿ ಪಕ್ಷಗಾರರಾಗಲು ಅದೇ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 1, ನಿಯಮ 10ರಡಿ ಅರ್ಜಿ ಹಾಕಬಹುದು. ಒಪ್ಪಲೇಬೇಕೆಂದಿಲ್ಲ. ಗಾಳಿ ಬೆಳಕು ಹೋಯಿತು, ಗೋಡೆ ಬಿರುಕು ಬಿಟ್ಟಿತು ಎಂಬಂಥ ನಿಮ್ಮದೇ ಹಾನಿ ತೋರಿಸಿದರೆ ಅವಕಾಶ ಹೆಚ್ಚು.

ತೆರೆದ ಚೇಂಬರಿನ ಗುಂಡಿಗೆ ಬಿದ್ದು ಕಾಲು ಮುರಿಯಿತು. ಪರಿಹಾರ ಪಡೆಯುವುದು ಹೇಗೆಂದು ಪಾಲಿಕೆಯ ಕಾನೂನು ಅಧಿಕಾರಿಯನ್ನೇ ಕೇಳಿದೆ. ಸಲಹೆ ಕೊಡಲಾಗದು ಎಂದರು. ಸಂಬಳ ನಮ್ಮ ತೆರಿಗೆಯದಲ್ಲವೇ? (ಮೈಸೂರು)

ತೆರಿಗೆ ನಿಮ್ಮದೇ, ಕಾನೂನು ಅಧಿಕಾರಿ ನಿಮ್ಮವರಲ್ಲ. ಅವರ ಕಕ್ಷಿದಾರ ಪಾಲಿಕೆ ಎಂಬ ಸಂಸ್ಥೆ. ಎದುರಾಳಿಯಾಗಬಹುದಾದ ನಿಮಗೆ ಸಲಹೆ ಕೊಟ್ಟರೆ ಎರಡೂ ಕಡೆಗೆ ದ್ರೋಹವಾಗುತ್ತದೆ. ಅವರು ನಿರಾಕರಿಸಿದ್ದು ನಿಮ್ಮ ಒಳ್ಳೆಯದಕ್ಕೇ, ಏಕೆಂದರೆ ನೀವು ಅವರಿಗೆ ಬರೆದದ್ದೆಲ್ಲ ಕಡತ ಸೇರುತ್ತದೆ. "ಮೊಬೈಲ್ ನೋಡುತ್ತಾ ನಡೆಯುತ್ತಿದ್ದೆ" ಎಂದು ಪತ್ರದಲ್ಲಿ ಬರೆದಿದ್ದರೆ ನಾಳೆ ಅದೇ ನಿಮ್ಮ ಎದುರು ಬರುತ್ತದೆ.

ನೀವು ಮಾಡಬೇಕಾದದ್ದು ಬೇರೆ. ಪಾಲಿಕೆಯ ಮೇಲೆ ದಾವೆ ಹಾಕುವ ಮುಂಚೆ ಪೌರ ನಿಗಮಗಳ ಕಾಯ್ದೆಯ ಕಲಂ 482ರಡಿ ನೋಟಿಸ್ ಕೊಟ್ಟು 60 ದಿನ ಕಾಯಬೇಕು. ನೋಟಿಸ್ ಆಯುಕ್ತರ ಹೆಸರಿಗಿರಲಿ. ನಿಮ್ಮ ಹೆಸರು, ವಿಳಾಸ, ಘಟನೆಯ ದಿನ, ಹೊತ್ತು, ಜಾಗ, ಏನಾಯಿತು, ಎಷ್ಟು ಪರಿಹಾರ, ಅದರ ಲೆಕ್ಕ ಇರಬೇಕು. ಟಪಾಲು ಶಾಖೆಯಲ್ಲಿ ಕೊಟ್ಟು ಇನ್ನೊಂದು ಪ್ರತಿಗೆ ಮೊಹರು ಹಾಕಿಸಿಕೊಳ್ಳಿ. ಆಸ್ಪತ್ರೆಯ ಗಾಯದ ಪ್ರಮಾಣಪತ್ರ, ಬಿಲ್ಲುಗಳು, ಸುತ್ತಲಿನ ಅಂಗಡಿ ಅಥವಾ ಕಂಬದ ನಂಬರು ಕಾಣುವ ಫೋಟೊ ಬೇಕು. ಬರೀ ಗುಂಡಿಯ ಫೋಟೊ ಯಾವ ಊರಿನದೂ ಆಗಬಹುದು.

ಪಾಲಿಕೆಯ ಮೊದಲ ಉತ್ತರ ಸಾಮಾನ್ಯವಾಗಿ "ಆ ಚೇಂಬರ್ ನಮ್ಮದಲ್ಲ" ಎಂದೇ. ಒಳಚರಂಡಿಯದೋ, ಟೆಲಿಫೋನ್ ಕೇಬಲ್ಲಿನದೋ, ವಿದ್ಯುತ್ ಕಂಪನಿಯದೋ ಎಂದು ಮುಚ್ಚಳದ ಮೇಲಿನ ಗುರುತು ನೋಡಿ ಮೊದಲೇ ಖಚಿತಪಡಿಸಿಕೊಳ್ಳಿ. ಅನುಮಾನವಿದ್ದರೆ ಇಬ್ಬರಿಗೂ ನೋಟಿಸ್ ಕೊಡಿ. ಅತ್ತ ಕಾನೂನು ಅಧಿಕಾರಿ ಎಂಜಿನಿಯರಿಗೆ ಕೇಳುವುದೂ ಇದನ್ನೇ: ಯಾರ ಚೇಂಬರ್, ಕಾಮಗಾರಿ ನಡೆಯುತ್ತಿತ್ತೇ, ಗುತ್ತಿಗೆ ಕರಾರಿನಲ್ಲಿ ಮೂರನೆಯವರಿಗಾದ ನಷ್ಟವನ್ನು ಗುತ್ತಿಗೆದಾರ ತುಂಬಿಕೊಡುವ ಷರತ್ತು ಇದೆಯೇ, ವಿಮೆ ಚಾಲ್ತಿಯಲ್ಲಿದೆಯೇ. ಷರತ್ತಿದ್ದರೆ ಗುತ್ತಿಗೆದಾರರನ್ನೂ ಕೇಸಿಗೆ ಎಳೆಯುತ್ತಾರೆ.

ಮೂರು ವರ್ಷ ಇದೆ ಎಂದು ಯಾರೋ ಹೇಳಿದ್ದನ್ನು ನಂಬಿ ಕೂರಬೇಡಿ. ಕಾನೂನಿನಡಿ ಮಾಡಿದ ಅಥವಾ ಮಾಡದೆ ಬಿಟ್ಟ ಕೆಲಸದ ಪರಿಹಾರಕ್ಕೆ ಕಾಲಮಿತಿ ಕಾಯ್ದೆಯ 72ನೇ ಪರಿಚ್ಛೇದದಲ್ಲಿ ಒಂದೇ ವರ್ಷ. ಆ ವರ್ಷವನ್ನು ಎಣಿಸುವಾಗ ನೋಟಿಸಿನ ಅವಧಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ತಿಂಗಳೇ ನೋಟಿಸ್ ಕಳಿಸಿ.

ಬಡಾವಣೆಯ ಪಾರ್ಕನ್ನೂ ರಸ್ತೆಯ ಒಂದು ತುದಿಯನ್ನೂ ಒತ್ತುವರಿ ಮಾಡಿದ್ದಾರೆ. ಪಾಲಿಕೆ ನಿಧಾನ ಮಾಡುತ್ತಿದೆ. ಗಡುವು ಏನಾದರೂ ಇದೆಯೇ? (ಶಿವಮೊಗ್ಗ)

ಇದೆ, ಎರಡಕ್ಕೂ ಬೇರೆ ಬೇರೆ. ಸಾರ್ವಜನಿಕ ರಸ್ತೆಯ ಸ್ವಾಧೀನಕ್ಕೆ ಸ್ಥಳೀಯ ಸಂಸ್ಥೆ ದಾವೆ ಹಾಕಲು ಕಾಲಮಿತಿ ಕಾಯ್ದೆಯ 111ನೇ ಪರಿಚ್ಛೇದದಲ್ಲಿ 30 ವರ್ಷ. ಆ ರಿಯಾಯಿತಿ ರಸ್ತೆಗೆ ಮಾತ್ರ. ಪಾರ್ಕಿಗೆ ಎಲ್ಲರಂತೆ 12 ವರ್ಷದ ಲೆಕ್ಕ ಬರುತ್ತದೆ, ಆದ್ದರಿಂದ ಅವಸರ ಪಾರ್ಕಿನದು. ಅನುಮೋದಿತ ಬಡಾವಣೆ ನಕ್ಷೆ, ಪಾರ್ಕನ್ನು ಬಿಟ್ಟುಕೊಟ್ಟ ನೋಂದಾಯಿತ ಪರಿತ್ಯಾಜನ ಪತ್ರ, ಹಸ್ತಾಂತರ ವರದಿ ಇವುಗಳ ಪ್ರತಿ ನಿಮ್ಮ ನಿವಾಸಿಗಳ ಸಂಘದ ಬಳಿ ಇದ್ದರೆ ಕಾನೂನು ಶಾಖೆಗೆ ಕೊಡಿ. ಎಷ್ಟೋ ಪಾಲಿಕೆಗಳಲ್ಲಿ ಇವೇ ಕಳೆದಿರುತ್ತವೆ.

ನಾನು ಪಾಲಿಕೆ ಸದಸ್ಯ. ಕಾನೂನು ಅಧಿಕಾರಿ ಆಯುಕ್ತರ ಮಾತನ್ನಷ್ಟೇ ಕೇಳುತ್ತಾರೆ, ಅಭಿಪ್ರಾಯದ ಪ್ರತಿ ಕೇಳಿದರೆ ಗೋಪ್ಯ ಎನ್ನುತ್ತಾರೆ. (ಬಳ್ಳಾರಿ)

ಅವರು ಆಯುಕ್ತರ ವಕೀಲರೂ ಅಲ್ಲ, ಮೇಯರ್ ಅವರ ವಕೀಲರೂ ಅಲ್ಲ. ಆದರೆ ಸಂಸ್ಥೆಯ ಪರವಾಗಿ ಕಡತ ನಡೆಸುವವರು ಆಯುಕ್ತರು, ಆದ್ದರಿಂದ ನಿಮ್ಮ ಪ್ರಶ್ನೆ ಅವರ ಮೂಲಕ ಅಥವಾ ಸಭೆಯ ಮೂಲಕ ಬರಲಿ. ಆಯುಕ್ತರ ಮೇಲೆ ನ್ಯಾಯಾಂಗ ನಿಂದನೆ ಅರ್ಜಿ ಬಂದಾಗ ಹುದ್ದೆಯ ಪರವಾಗಿ ಪಾಲಿಕೆಯ ವಕೀಲರು ನಿಲ್ಲುತ್ತಾರೆ. ಲಂಚದ ಆರೋಪ ಬಂದರೆ ಆ ಅಧಿಕಾರಿ ಸ್ವಂತ ಖರ್ಚಿನಲ್ಲಿ ವಕೀಲರನ್ನು ಇಟ್ಟುಕೊಳ್ಳಬೇಕು. ಈ ಗೆರೆ ಅಳಿಸಿಹೋದ ಕಡೆ ಕಾನೂನು ಶಾಖೆ ಕೆಟ್ಟಂತೆಯೇ.

ಅಭಿಪ್ರಾಯ ಎಂದರೆ ಆದೇಶವಲ್ಲ, ಒಪ್ಪದಿರಬಹುದು. ಆದರೆ ಯಾಕೆ ಒಪ್ಪಲಿಲ್ಲ ಎಂದು ಟಿಪ್ಪಣಿಯಲ್ಲಿ ಬರೆಯಬೇಕು. "ಕಾನೂನು ಅಭಿಪ್ರಾಯಕ್ಕೆ ಕಳುಹಿಸಿ" ಎನ್ನುವುದು ಅನೇಕ ಕಡೆ ನಿರ್ಧಾರ ಮುಂದೂಡುವ ಉಪಾಯವಾಗಿದೆ. ಪ್ರಶ್ನೆಯೇ ಇಲ್ಲದ ಕಡತ ಬಂದರೆ ಜಾಣ ಕಾನೂನು ಅಧಿಕಾರಿ "ಯಾವ ಅಂಶದ ಮೇಲೆ ಅಭಿಪ್ರಾಯ ಬೇಕು ನಮೂದಿಸಿ" ಎಂದು ಹಿಂದಕ್ಕೆ ಕಳಿಸುತ್ತಾರೆ.

ಗೋಪ್ಯತೆಯ ಮಾತು ಈಗ ಸೂಕ್ಷ್ಮವಾಗಿದೆ. ಸಂಬಳದ ಮೇಲಿರುವ ಕಾನೂನು ಸಲಹೆಗಾರರಿಗೆ ವಕೀಲರಿಗಿರುವ ಪೂರ್ಣ ರಕ್ಷಣೆ, ಅಂದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 132ರದು, ಸಿಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಅಕ್ಟೋಬರಿನಲ್ಲಿ ಹೇಳಿದೆ. ಕಲಂ 134ರ ಸೀಮಿತ ರಕ್ಷಣೆ ಉಳಿದಿದೆ. ತೀರಾ ಗುಟ್ಟಿನ ಸಲಹೆಯನ್ನು ಪ್ಯಾನೆಲ್ ವಕೀಲರಿಂದ ಪಡೆಯುವುದು ಕ್ಷೇಮ.

ನಾನಿರುವ ಕ್ಯಾಲಿಫೋರ್ನಿಯಾದಲ್ಲಿ ಸಿಟಿ ಅಟಾರ್ನಿ (ನಗರಾಡಳಿತದ ವಕೀಲರು) ಎಂಬವರಿದ್ದಾರೆ. ನಗರದ ಮರ ಬಿದ್ದು ಕಾರು ಜಖಂ ಆಗಿದೆ. ನಗರದ ಮೇಲೆ ನೇರ ಕೇಸ್ ಹಾಕಬಹುದೇ? (ಸನಿವೇಲ್)

ನೇರವಾಗಿ ಆಗದು. ಅಲ್ಲಿ ಮೊದಲು ನಗರಕ್ಕೆ ಕ್ಲೇಮ್ ಸಲ್ಲಿಸಬೇಕು, ಸಾಮಾನ್ಯವಾಗಿ ಸಿಟಿ ಕ್ಲರ್ಕ್ ಕಚೇರಿಯಲ್ಲಿ. ದೇಹಕ್ಕೋ ಕಾರಿನಂಥ ಚರಾಸ್ತಿಗೋ ಆದ ಹಾನಿಗೆ ಘಟನೆಯಿಂದ ಆರು ತಿಂಗಳು ಗಡುವು. ನಗರಕ್ಕೆ ಉತ್ತರಿಸಲು 45 ದಿನ. ಬರಹದಲ್ಲಿ ತಿರಸ್ಕರಿಸಿದರೆ ಆ ಪತ್ರ ಕೊಟ್ಟ ಅಥವಾ ಅಂಚೆಗೆ ಹಾಕಿದ ದಿನದಿಂದ ಆರು ತಿಂಗಳಲ್ಲಿ ದಾವೆ ಹಾಕಬೇಕು, ಲಕೋಟೆಯನ್ನೂ ಇಟ್ಟುಕೊಳ್ಳಿ. ವಿಮಾ ಕಂಪನಿಯ ಜೊತೆ ಮಾತು ನಡೆಯುತ್ತಿದೆ ಎಂಬ ಕಾರಣಕ್ಕೆ ಈ ಗಡುವು ನಿಲ್ಲುವುದಿಲ್ಲ.

ಅಲ್ಲಿನ ಸಿಟಿ ಅಟಾರ್ನಿ ಇಲ್ಲಿನವರಂತಲ್ಲ, ಕೋರ್ಟಿನಲ್ಲಿ ತಾವೇ ವಾದಿಸುತ್ತಾರೆ. ಲಾಸ್ ಏಂಜಲೀಸ್‌ನಲ್ಲಂತೂ ಅವರು ಮತದಾರರಿಂದ ಆಯ್ಕೆಯಾಗಿ ಬರುತ್ತಾರೆ, ಸಣ್ಣ ಅಪರಾಧಗಳ ಅಭಿಯೋಜನೆಯೂ ಅವರದೇ. ಬಹಳಷ್ಟು ಚಿಕ್ಕ ನಗರಗಳಲ್ಲಿ ಅವರನ್ನು ನೇಮಿಸುವುದು ನಗರಸಭೆ. ಕಕ್ಷಿದಾರರು ಯಾರು ಎಂಬ ವಿಷಯದಲ್ಲಿ ಮಾತ್ರ ಮೈಸೂರಿನವರಿಗೆ ಕೊಟ್ಟ ಉತ್ತರವೇ ನಿಮಗೂ: ಅವರ ಕಚೇರಿಗೆ ಫೋನ್ ಮಾಡಿ ಸಲಹೆ ಕೇಳಬೇಡಿ, ಕ್ಲೇಮ್ ಫಾರಂ ತುಂಬಿ.