ಲಾಠಿ ಬೀಸುವ ಕ್ಷಣ ಮಸುಕಾಗುವುದೇಕೆ?

ಪ್ರಶ್ನೆ: ಸಂಜೆಯ ಪ್ರತಿಭಟನೆಯಲ್ಲಿ ಪೊಲೀಸರಿಗೂ ಪ್ರತಿಭಟನಕಾರರಿಗೂ ತಳ್ಳಾಟವಾದಾಗ ತೆಗೆದ ಫೋಟೊಗಳೆಲ್ಲ ಮಸುಕು. ಕ್ಯಾಮೆರಾ ದೋಷವೇ? ಅಶ್ರುವಾಯು ಸಿಡಿಸಿದರೆ ಏನು ಮಾಡಬೇಕು?

ಉತ್ತರ: ಕ್ಯಾಮೆರಾ ಸರಿಯಾಗಿಯೇ ಇದೆ. ಬೆಳಕು ಇಳಿದಂತೆ ಆಟೊ ಮೋಡ್ ಶಟರನ್ನು, ಅಂದರೆ ಬೆಳಕು ಒಳಬರುವ ಹೊತ್ತನ್ನು, ಸೆಕೆಂಡಿನ 1/60ಕ್ಕೆ ತಂದುಬಿಡುತ್ತದೆ, ಎಡವಟ್ಟು ಅಲ್ಲೇ. ಶಟರ್ 1/1000, ಅಪರ್ಚರ್ (ಲೆನ್ಸ್ ತೆರೆದುಕೊಳ್ಳುವ ಅಳತೆ) ಎಫ್/4 ಇಟ್ಟು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೊಗೆ ಬಿಡಿ, ಮಿತಿ 6400. ಚಿತ್ರ ಕಾಳುಕಾಳಾದರೂ ಅಚ್ಚಿಗೆ ನಡೆಯುತ್ತದೆ, ಅಲುಗಿದ್ದು ನಡೆಯದು. ಆದರೆ 1/250ರಲ್ಲಿ ಮುಖ ಸ್ಪಷ್ಟವಾಗಿದ್ದು ಲಾಠಿಯ ತುದಿಯಷ್ಟೇ ಬೀಸಣಿಗೆಯಂತೆ ಹರಡಿದರೆ, ನಮ್ಮನ್ನು ಕೇಳಿದರೆ, ಅದೇ ಒಳ್ಳೆಯ ಚಿತ್ರ. 1989ರ ಜೂನ್ 5ರಂದು ಬೀಜಿಂಗ್‌ನಲ್ಲಿ ಟ್ಯಾಂಕ್‌ಗಳಿಗೆ ಎದುರಾದ ಒಂಟಿ ಮನುಷ್ಯನನ್ನು ಸೆರೆಹಿಡಿದ ಫೋಟೊಗ್ರಾಫರ್ ಜೆಫ್ ವೈಡ್ನರ್ ಕೂಡ, ಕ್ಯಾಮೆರಾ ಒಳಗಿದ್ದದ್ದು ಹೆಚ್ಚು ಬೆಳಕು ಬೇಡುವ 100 ವೇಗದ ಫಿಲ್ಮ್ ಎಂಬುದನ್ನು ಮರೆತು, ಶಟರ್ ನಿಧಾನವಾಗಿ ಚಿತ್ರ ಕಳೆದುಕೊಳ್ಳುವುದರಲ್ಲಿದ್ದರು.

ಪೊಲೀಸರ ಸಾಲು, ಪ್ರತಿಭಟನಕಾರರ ಸಾಲು, ಇವೆರಡರ ನಡುವೆ ನಿಲ್ಲಬೇಡಿ. ಪಕ್ಕದ ಫುಟ್‌ಪಾತ್, ಬೆನ್ನಿಗೆ ಗೋಡೆ, ಓಡಲು ಒಂದು ಗಲ್ಲಿ: ಇಷ್ಟನ್ನು ಮೊದಲೇ ನೋಡಿಟ್ಟುಕೊಳ್ಳಿ.

ಅಶ್ರುವಾಯು ಸಿಡಿದರೆ ಗಾಳಿ ಬೀಸಿಬರುವ ಕಡೆಗೆ ಸರಿಯಿರಿ. ಕಣ್ಣು ಉಜ್ಜದೆ 10–15 ನಿಮಿಷ ನೀರು ಹಾಯಿಸಿ. ಅಂದು ಕಾಂಟ್ಯಾಕ್ಟ್ ಲೆನ್ಸ್ ಬೇಡವೇ ಬೇಡ. ಬಿದ್ದ ಶೆಲ್ ಕೆಂಡದಂತೆ ಸುಡುತ್ತಿರುತ್ತದೆ, ಕ್ಲೋಸಪ್ ಆಸೆಗೆ ಕೈ ಹಾಕಬೇಡಿ.