ಕಾರಿನ ಹುಚ್ಚಿರುವವರು ಸಾಲ ಮಾಡಿ ಹೊಸ ಗಾಡಿ ತಗೋಬೇಕಾ, ಇರೋ ದುಡ್ಡಲ್ಲಿ ಹಳೇದು ತಗೋಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ವಯಸ್ಸು 28, ದಾವಣಗೆರೆಯಲ್ಲೇ ಕೆಲಸ, ಕೈಗೆ ಬರೋ ಸಂಬಳ 45,000, ಉಳಿಸಿಟ್ಟಿದ್ದು ಮೂರೂವರೆ ಲಕ್ಷ. ಕಣ್ಣು ಮಾತ್ರ ಆನ್ ರೋಡ್ 12 ಲಕ್ಷದ ಟರ್ಬೊ ಪೆಟ್ರೋಲ್ ಗಾಡಿ ಮೇಲೆ. ಎರಡು ಲಕ್ಷ ಕಟ್ಟಿ ಉಳಿದ ಹತ್ತಕ್ಕೆ ಸಾಲ ಮಾಡಲಾ, ಇಲ್ಲಾ ಮೂರೂವರೆ ಲಕ್ಷದೊಳಗೆ ಹಳೇ ಪೋಲೋನೋ ಫಿಗೋನೋ ಸ್ವಿಫ್ಟೋ ಹಿಡಿದು ಯಾರ ಹಂಗೂ ಇಲ್ಲದೆ ಓಡಿಸಲಾ ಅಂತ ಕೇಳಿದ್ದೀರಿ.

ಹಳೇದು ತಗೊಳ್ಳಿ. ಮೊದಲೇ ಹೇಳಿಬಿಡ್ತೀನಿ, ಯಾಕಂದರೆ ನಮ್ಮೂರಲ್ಲಿ ಯಾರನ್ನ ಕೇಳಿದರೂ ‘ಅದು ನಿಮ್ಮ ಮೇಲೆ ಐತಿ ನೋಡ್ರಿ’ ಅಂತ ಜಾರಿಕೊಳ್ತಾರೆ. ನಾನು ಕೆಲವು ವರ್ಷ ವಾಹನ ಸಾಲದ ಆಫೀಸಲ್ಲಿ ಕೂತು ಫೈಲ್ ಮಾಡಿದವನು, ಈಗ ಬೇರೆ ಕೆಲಸ. ಮನೆ ಮುಂದೆ ನಿಂತಿರೋದು 2012ರ ಪೆಟ್ರೋಲ್ ಸ್ವಿಫ್ಟ್, ಪೂರ್ತಿ ದುಡ್ಡು ಎಣಿಸಿಕೊಟ್ಟು ತಂದಿದ್ದು. ಎರಡೂ ಕಡೆಯ ಲೆಕ್ಕ ಗೊತ್ತು. ಒಂದು ಕಡೆ ವಾಲಿದ್ದೀನಿ ಅನ್ನೋದು ನಿಮಗೂ ಗೊತ್ತಿರಲಿ.

ಹೊಸ ಗಾಡಿಯ ಲೆಕ್ಕ ಮೊದಲು. ಹತ್ತು ಲಕ್ಷ ಸಾಲ, ಬಡ್ಡಿ ಒಂಬತ್ತೂವರೆ ಪರ್ಸೆಂಟ್, ಅವಧಿ ಏಳು ವರ್ಷ ಅಂದುಕೊಳ್ಳಿ. ಕಂತು ಸುಮಾರು 16,340 ರೂಪಾಯಿ. ಮೊದಲ ಕಂತಲ್ಲಿ 7,900 ಬಡ್ಡಿಗೇ ಹೋಗುತ್ತೆ, ಅಸಲಿಗೆ ಜಮಾ ಆಗೋದು 8,400. ಏಳು ವರ್ಷಕ್ಕೆ ಒಟ್ಟು ಬಡ್ಡಿ ಹತ್ತಿರ ಹತ್ತಿರ 3.73 ಲಕ್ಷ. ಐದೇ ವರ್ಷಕ್ಕೆ ತೀರಿಸ್ತೀನಿ ಅಂದರೆ ಬಡ್ಡಿ 2.6 ಲಕ್ಷಕ್ಕೆ ಇಳಿಯುತ್ತೆ, ಆದರೆ ಕಂತು 21,000 ಆಗುತ್ತೆ. ನಿಮ್ಮ ಸಂಬಳಕ್ಕೆ ಅದು ಆಗದ ಮಾತು. ಅದಕ್ಕೇ ಶೋರೂಮಿನ ಹುಡುಗ ಕ್ಯಾಲ್ಕುಲೇಟರ್ ತೆಗೆದರೆ ಏಳು ವರ್ಷಕ್ಕೇ ಹಾಕಿ ತೋರಿಸೋದು.

ಅದರಲ್ಲಿ ತೆರಿಗೆ ಬೇರೆ ಕೂತಿದೆ. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದ ಗಾಡಿಗೆ 14 ಪರ್ಸೆಂಟ್ ಲೈಫ್ ಟ್ಯಾಕ್ಸ್, ಹತ್ತು ದಾಟಿದರೆ 17, ಅದರ ಮೇಲೆ ಸೆಸ್. ಎಕ್ಸ್ ಶೋರೂಮ್ (ಲೈಫ್ ಟ್ಯಾಕ್ಸ್, ಇನ್ಶೂರೆನ್ಸ್ ಸೇರೋ ಮುಂಚಿನ ಬೆಲೆ) ಹತ್ತು ಲಕ್ಷದ ಗಾಡಿ ಅಂದರೆ ಒಂದೂವರೆ ಲಕ್ಷಕ್ಕೂ ಮೇಲೆ ತೆರಿಗೆಗೇ ಹೋಯ್ತು. ಆ ದುಡ್ಡಿಗೂ ನೀವು ಏಳು ವರ್ಷ ಬಡ್ಡಿ ಕಟ್ತೀರಿ. ಕೆಎ ನಂಬರಿನ ಹಳೇ ಗಾಡಿ ತಗೊಂಡರೆ ಆ ತೆರಿಗೆಯನ್ನ ಮೊದಲ ಮಾಲೀಕ ಆಗಲೇ ಕಟ್ಟಿರ್ತಾನೆ, ಪುಣ್ಯಾತ್ಮ.

ಫೈಲ್ ಮಾಡುವಾಗ ನಾನು ನೋಡಿದವರಲ್ಲಿ ಬಹುತೇಕರಿಗೆ ಗೊತ್ತಿಲ್ಲದ ವಿಷಯ ಒಂದಿದೆ. ಮೇಲಿನ ಸಾಲದಲ್ಲಿ ಮೂರು ವರ್ಷ ಒಂದೂ ಕಂತು ತಪ್ಪಿಸದೆ 5.88 ಲಕ್ಷ ಕಟ್ಟಿದ ಮೇಲೂ ಬಾಕಿ ಆರೂವರೆ ಲಕ್ಷ ಉಳಿದಿರುತ್ತೆ. ಅದೇ ಹೊತ್ತಿಗೆ ಇನ್ಶೂರೆನ್ಸಿನವರು ಗಾಡಿಗೆ ಎಷ್ಟು ಬೆಲೆ ಕಟ್ತಾರೆ? ಮೂರು ವರ್ಷ ದಾಟಿದ ಗಾಡಿಗೆ 40 ಪರ್ಸೆಂಟ್ ಸವಕಳಿ ಕಳೀತಾರೆ. ಎಕ್ಸ್ ಶೋರೂಮ್ ಹತ್ತು ಲಕ್ಷದ ಗಾಡಿಗೆ ಐಡಿವಿ, ಅಂದರೆ ಅವರು ಕಟ್ಟೋ ಬೆಲೆ, ಆರು ಲಕ್ಷದ ಆಸುಪಾಸು. ಆ ವರ್ಷ ಗಾಡಿ ಕಳವಾದರೆ, ಇಲ್ಲಾ ಹೈವೇಯಲ್ಲಿ ಅಪಘಾತವಾಗಿ ಟೋಟಲ್ ಲಾಸ್ ಆದರೆ, ಬರೋ ಆರು ಲಕ್ಷ ಮೊದಲು ಸಾಲ ಕೊಟ್ಟವರ ಕೈಗೆ ಹೋಗುತ್ತೆ. ಗಾಡಿ ಇಲ್ಲ, ಐವತ್ತು ಸಾವಿರ ಸಾಲ ಇನ್ನೂ ಬಾಕಿ. ಇಂಥ ಹೊತ್ತಲ್ಲಿ ಐಡಿವಿ ಬದಲು ಬಿಲ್ಲಿನ ಬೆಲೆ ಕೊಡೋ ರಿಟರ್ನ್ ಟು ಇನ್ವಾಯ್ಸ್ ಅಂತ ಒಂದು ಆ್ಯಡ್ ಆನ್ ಸಿಗುತ್ತೆ, ಸಾಲದ ಮೇಲೆ ತಗೊಳ್ಳೋರು ಅದನ್ನ ಬಿಡಬಾರದು. ಎಷ್ಟು ವರ್ಷದ ಗಾಡಿವರೆಗೆ ಕೊಡ್ತಾರೆ ಅಂತಲೂ ಕೇಳಿಕೊಳ್ಳಿ.

ಇಷ್ಟಾದರೂ ಬಡ್ಡಿ ನನ್ನ ಮುಖ್ಯ ತಕರಾರಲ್ಲ. ದುಡ್ಡು ಖರ್ಚು ಮಾಡೋಕೇ ದುಡಿಯೋದು, ಹುಚ್ಚಿಗೆ ಒಂದಿಷ್ಟು ಬೆಲೆ ಕಟ್ಟಲೇಬೇಕು. ತಕರಾರು ಇರೋದು ಬೇರೆ ಕಡೆ. ಕಾರಿನ ಹುಚ್ಚಿರೋನಿಗೆ ಬೇಕಾಗಿರೋದು ಗಾಡಿ ಬಿಚ್ಚಿ ನೋಡೋದು, ಭಾನುವಾರ ಬೆಳಗ್ಗೆ ಐದಕ್ಕೆ ಎದ್ದು ಚನ್ನಗಿರಿ, ತರೀಕೆರೆ ಮೇಲೆ ಕೆಮ್ಮಣ್ಣುಗುಂಡಿ ಘಾಟ್ ಹತ್ತಿಸೋದು, ಟೈರ್ ಬದಲಿಸೋದು, ಸಸ್ಪೆನ್ಷನ್ ಗಟ್ಟಿ ಮಾಡಿಸೋದು. ಕಂತಿನ ಗಾಡಿಯಲ್ಲಿ ಇದ್ಯಾವುದಕ್ಕೂ ಕೈ ಬರೋದಿಲ್ಲ. ಹೊರಗಡೆ ಮೇಸ್ತ್ರಿ ಕೈ ಹಾಕಿದರೆ ವಾರಂಟಿ ಹೋಗುತ್ತೆ ಅಂತ ಭಯ, ಮಂಡಿಪೇಟೆ ಕಡೆ ಪಾರ್ಕ್ ಮಾಡಿದರೆ ಬೈಕಿನವನು ಗೀರಿ ಹೋಗ್ತಾನೆ ಅಂತ ಭಯ. ಪೆಟ್ರೋಲ್ ಹಾಕಿಸೋಕೂ ಐದನೇ ತಾರೀಕಿನ ಕಂತು ಕಟ್ ಆಗಲಿ ಅಂತ ಕಾಯೋರನ್ನ ನೋಡಿದ್ದೀನಿ. ಆಯುಧ ಪೂಜೆಗೆ ಡೆಲಿವರಿ ತಗೊಂಡು, ಕುಂಬಳಕಾಯಿ ಒಡೆದು, ನಾಲ್ಕು ನಿಂಬೆಹಣ್ಣು ಹತ್ತಿಸಿ, ಮುಂದಿನ ಆಯುಧ ಪೂಜೆ ಹೊತ್ತಿಗೆ ನಾಲ್ಕು ಸಾವಿರ ಕಿಲೋಮೀಟರ್ ಕೂಡ ಓಡಿಸದೆ ಕವರ್ ಹಾಕಿ ನಿಲ್ಲಿಸಿದವರೂ ಇದ್ದಾರೆ. ಆ ಗಾಡಿ ಯಾರ ಖುಷಿಗೆ?

ಈಗ ನಡುವಿನ ದಾರಿ ಅಂತ ನಿಮಗೆ ಯಾರಾದರೂ ಹೇಳೇ ಹೇಳ್ತಾರೆ: ‘ಮೂರೂವರೆ ಯಾಕ್ರೀ, ಇನ್ನೊಂದು ಮೂರು ಲಕ್ಷ ಫೈನಾನ್ಸ್ ಹಾಕಿ ಆರೂವರೆದು ತಗೊಳ್ರಿ, ಬರೀ ಎಂಟು ಪರ್ಸೆಂಟ್’. ಇಲ್ಲೇ ಹುಷಾರಾಗಿರಬೇಕು. ಸೆಕೆಂಡ್ ಹ್ಯಾಂಡ್ ಸಾಲದಲ್ಲಿ ಬಾಯಲ್ಲಿ ಹೇಳೋ ರೇಟು ಸಾಮಾನ್ಯವಾಗಿ ಫ್ಲ್ಯಾಟ್ ರೇಟು. ಮೂರು ಲಕ್ಷಕ್ಕೆ ವರ್ಷಕ್ಕೆ ಎಂಟರಂತೆ ಐದು ವರ್ಷಕ್ಕೆ 1.2 ಲಕ್ಷ ಬಡ್ಡಿ, ಒಟ್ಟು 4.2 ಲಕ್ಷ, ಅರವತ್ತರಿಂದ ಭಾಗಿಸಿದರೆ ತಿಂಗಳಿಗೆ 7,000. ಕೇಳೋಕೆ ಸಲೀಸು. ಆದರೆ ನೀವು ತಿಂಗಳು ತಿಂಗಳು ಅಸಲು ತೀರಿಸ್ತಾ ಬಂದರೂ ಬಡ್ಡಿ ಮಾತ್ರ ಕೊನೇವರೆಗೂ ಪೂರ್ತಿ ಮೂರು ಲಕ್ಷಕ್ಕೇ ಬೀಳ್ತಾ ಇರುತ್ತೆ. ಬ್ಯಾಂಕಿನ ರೆಡ್ಯೂಸಿಂಗ್ ಲೆಕ್ಕಕ್ಕೆ (ಉಳಿದ ಅಸಲಿಗೆ ಮಾತ್ರ ಬಡ್ಡಿ) ತಂದರೆ ಅದು ಸುಮಾರು ಹದಿನಾಲ್ಕು ಪರ್ಸೆಂಟ್. ಸಹಿ ಹಾಕೋ ಮುಂಚೆ ಒಂದೇ ಮಾತು ಕೇಳಿ: ‘ಫ್ಲ್ಯಾಟಾ, ರೆಡ್ಯೂಸಿಂಗಾ?’ ಎದುರಿಗಿರೋನು ಬೇರೆ ಮಾತು ತೆಗೆದರೆ ಉತ್ತರ ಸಿಕ್ಕಿತು ಅಂದುಕೊಳ್ಳಿ. ಅವಧಿಗೆ ಮುಂಚೆ ತೀರಿಸಿದರೆ ಎಷ್ಟು ಚಾರ್ಜು, ಪ್ರೊಸೆಸಿಂಗ್ ಫೀ ಎಷ್ಟು, ಇದನ್ನೂ ಬರಹದಲ್ಲಿ ಇಸ್ಕೊಳ್ಳಿ.

ಹಳೇ ಗಾಡಿ ಪುಕ್ಕಟೆ ಅಲ್ಲ. ಕಂತು ಅದಕ್ಕೂ ಇದೆ, ತಾರೀಕು ಹೇಳಿ ಬರಲ್ಲ ಅಷ್ಟೇ. ಹಾಗಾಗಿ ಮೂರೂವರೆ ಲಕ್ಷ ಇದೆ ಅಂತ ಮೂರೂವರೆ ಲಕ್ಷದ ಗಾಡಿ ತಗೋಬೇಡಿ. 2.7 ಲಕ್ಷದೊಳಗೆ ಮುಗಿಸಿ, 80,000 ಪಕ್ಕಕ್ಕಿಡಿ. ಮೊದಲ ಆರು ತಿಂಗಳಲ್ಲಿ ನಾಲ್ಕು ಟೈರ್, ಬ್ಯಾಟರಿ, ಕ್ಲಚ್ ಸೆಟ್, ಲೋಯರ್ ಆರ್ಮ್, ಲಿಂಕ್ ರಾಡ್, ಎಲ್ಲಾ ಆಯಿಲು ಅಂತ ಅದರಲ್ಲಿ ಬಹುಪಾಲು ಹೋಗುತ್ತೆ. ಆಮೇಲೆ 16,000 ಕಂತು ಕಟ್ಟೋಕೆ ತಯಾರಿದ್ದೋರು ತಿಂಗಳಿಗೆ ಎಂಟು ಸಾವಿರ ಆರ್‌ಡಿ ಕಟ್ಟಿ. ಐದು ವರ್ಷಕ್ಕೆ ಅಸಲೇ 4.8 ಲಕ್ಷ. ಮನೆಯಲ್ಲಿ ಚೀಟಿ ಹಾಕೋ ಅಭ್ಯಾಸ ಇದ್ದರೆ ಅದೂ ಆಗುತ್ತೆ, ಚೀಟಿ ನಡೆಸೋರು ನಂಬಿಕಸ್ಥರಾಗಿದ್ದರೆ. ಈ ದುಡ್ಡು ತೆಗೆದಿಡೋಕೆ ಆಗಲ್ಲ ಅನ್ನೋರಿಗೆ ಹೊಸದೂ ಆಗಿಬರಲ್ಲ, ಹಳೇದೂ ಆಗಿಬರಲ್ಲ.

ಯಾವುದು ತಗೋಬೇಕು? ಪೋಲೋ ಜಿಟಿ ಟಿಎಸ್‌ಐ ನೋಡಿ ಬಾಯಲ್ಲಿ ನೀರು ಬರುತ್ತೆ, ನನಗೂ ಬರುತ್ತೆ. ಆದರೆ 1.2 ಟಿಎಸ್‌ಐಗೆ ಬರೋ ಏಳು ಗೇರಿನ ಡಿಎಸ್‌ಜಿ ಆಟೋಮ್ಯಾಟಿಕ್ ಗೇರ್‌ಬಾಕ್ಸಲ್ಲಿ ಅದನ್ನ ನಿಯಂತ್ರಿಸೋ ಮೆಕಾಟ್ರಾನಿಕ್ ಯೂನಿಟ್ ಕೈಕೊಟ್ಟರೆ ಖರ್ಚು ಲಕ್ಷ ದಾಟುತ್ತೆ. ಎರಡೂ ಮುಕ್ಕಾಲು ಲಕ್ಷದ ಗಾಡಿಗೆ ಅದು ಕೈ ಕಚ್ಚೋ ವ್ಯವಹಾರ. ಫೋರ್ಡ್ ಓಡಿಸೋಕೆ ಬಲು ಚೆನ್ನ. ಫಿಗೋ 1.5 ಡೀಸೆಲ್ ಹೈವೇಯಲ್ಲಿ ಎಳೆಯೋ ರೀತಿಗೆ ಈಗಲೂ ಮನಸೋಲ್ತೀನಿ. ಆದರೆ ಕಂಪನಿ 2021ರಲ್ಲೇ ಇಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು, ಬಾಡಿ ಪಾರ್ಟ್ ಬೇಕಾದರೆ ಕಾಯೋ ತಾಳ್ಮೆ ಇರಬೇಕು. ಫಿಯೆಟ್ ಆಸೆ ಇದ್ದರೆ ಮೊದಲು ಮೇಸ್ತ್ರಿಯನ್ನ ಹುಡುಕಿ, ಆಮೇಲೆ ಗಾಡಿಯನ್ನ. ಮೊದಲ ಗಾಡಿಗೆ ಪೆಟ್ರೋಲ್ ಸ್ವಿಫ್ಟ್ ಅಂದರೆ ಹುಚ್ಚರ ಗುಂಪಲ್ಲಿ ಮೂಗು ಮುರೀತಾರೆ. ಮುರೀಲಿ. ಹಗುರ ಗಾಡಿ, ಪಿ.ಬಿ. ರೋಡಿನ ಯಾವ ಅಂಗಡಿಯಲ್ಲಾದರೂ ಪಾರ್ಟ್ ಸಿಗುತ್ತೆ, ಕೈ ಕಲಿಯೋಕೆ ಇದಕ್ಕಿಂತ ಒಳ್ಳೇದು ನನಗೆ ಗೊತ್ತಿಲ್ಲ. ವರ್ಷ ಮಾತ್ರ ನೋಡಿಕೊಳ್ಳಿ. ನನ್ನದಕ್ಕೆ 2027ಕ್ಕೆ ಹದಿನೈದು ತುಂಬುತ್ತೆ, ಆಗ ಗಾಡಿ ತೋರಿಸಿ ಐದು ವರ್ಷಕ್ಕೆ ಆರ್‌ಸಿ ರಿನ್ಯೂವಲ್ ಮಾಡಿಸಬೇಕು. 2022ರಿಂದ ಅದರ ಫೀಸು 600ರಿಂದ 5,000ಕ್ಕೆ ಏರಿದೆ. ನೀವು 2014ರ ಈಚಿನದು ನೋಡಿ.

ಗಾಡಿ ನೋಡೋಕೆ ಹೋಗುವಾಗ ಮೇಸ್ತ್ರಿಯನ್ನ ಕರ್ಕೊಂಡು ಹೋಗಿ, ಅವರಿಗೆ ಐನೂರೋ ಸಾವಿರವೋ ಕೊಟ್ಟರೂ ಲಾಭವೇ. ಬೆಳಗ್ಗೆಯೇ ಹೋಗಿ, ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಬೇಕು. ನಮ್ಮ ಮೇಸ್ತ್ರಿ ಬಾನೆಟ್ ತೆಗೆಯೋದಕ್ಕಿಂತ ಮೊದಲು ಮುಂದಿನ ಬಾಗಿಲು ತೆಗೆದು ಕಂಬಕ್ಕೆ ಒತ್ತಿರೋ ರಬ್ಬರ್ ಬೀಡಿಂಗನ್ನ ಒಂದು ಗೇಣು ಎಳೀತಾರೆ. ಒಳಗೆ ತಗಡಿನ ಅಂಚಿನಲ್ಲಿ ಸಾಲಾಗಿ ಸಣ್ಣ ಸಣ್ಣ ದುಂಡು ಗುಳಿ ಕಾಣಬೇಕು, ಒಂದೇ ಅಂತರದಲ್ಲಿ. ಅದು ಕಂಪನಿ ಸ್ಪಾಟ್ ವೆಲ್ಡಿಂಗ್. ಗುಳಿ ಮುಚ್ಚಿಹೋಗಿ ಪುಟ್ಟಿ ಬಳಿದ ಹಾಗೆ ನುಣ್ಣಗಿದ್ದರೆ ಆ ಕಡೆ ಏಟು ಬಿದ್ದು ಟಿಂಕರಿಂಗ್ ಆಗಿದೆ ಅಂತ ಅರ್ಥ. ಅವರು ಬೀಡಿಂಗ್ ಒತ್ತಿ ಸುಮ್ಮನೆ ಕೈ ಒರೆಸಿಕೊಂಡರೆ ನಾನು ಬ್ರೋಕರಿಗೆ ನಮಸ್ಕಾರ ಹೇಳಿ ಹೊರಡ್ತೀನಿ, ‘ಗಾಡಿ ಒಳಗ ಏನೂ ಇಲ್ರೀ, ಡಾಕ್ಟ್ರು ಓಡಿಸಿದ್ದು’ ಅಂತ ಅವನು ಹಿಂದೆ ಕೂಗ್ತಿದ್ದರೂ. (ನಮ್ಮೂರಿನ ಸೆಕೆಂಡ್ ಹ್ಯಾಂಡ್ ಗಾಡಿಗಳನ್ನೆಲ್ಲ ಲೆಕ್ಕ ಹಾಕಿದರೆ ಒಬ್ಬೊಬ್ಬ ಡಾಕ್ಟರಿಗೂ ಹತ್ತು ಹತ್ತು ಕಾರು ಇದ್ದಿರಬೇಕು.) ಅಡಿಕೆ ತೋಟದ ದಾರಿಯಲ್ಲಿ ಓಡಿದ ಗಾಡಿಯಾದರೆ ಕೆಳಗೆ ಆಯಿಲ್ ಸಂಪ್ ಬಡಿಸಿಕೊಂಡಿದೆಯಾ ಅಂತ ನೋಡಿ. ಡೆಲ್ಲಿ ಗಾಡಿ ಅಗ್ಗಕ್ಕೆ ಬಂದಿದೆ ಅಂದರೆ, ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ಲಿಗೆ ನಿರ್ಬಂಧ ಬಂದಿದ್ದರಿಂದಲೇ ಅದು ಅಗ್ಗ. ಇಲ್ಲಿಗೆ ತಂದರೆ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಮಾಡಿಸಬೇಕು, ಗಾಡಿ ವಯಸ್ಸಿನ ಪ್ರಕಾರ ಇಲ್ಲಿನ ಟ್ಯಾಕ್ಸ್ ಕಟ್ಟಬೇಕು. ಅದೆಲ್ಲ ಸೇರಿಸಿದರೆ ಅಗ್ಗ ಉಳಿಯಲ್ಲ.

ಚೌಕಾಸಿಗೆ ಒಂದು ಆಧಾರ ಕೊಡ್ತೀನಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ, ಸೆಸ್ಸೂ ಹೋಗಿದೆ. ಹೊಸದೇ ಇಳಿದ ಮೇಲೆ ಹಳೇದಕ್ಕೆ ಹಳೇ ರೇಟು ಹೇಳಿದರೆ ಒಪ್ಪಬೇಡಿ.

ಸಾಲದ ಪರವಾಗಿಯೂ ಹೇಳೋದಿದೆ. ಹಳೇ ಗಾಡಿಯಲ್ಲಿ ಸುರಕ್ಷತೆ ಕಮ್ಮಿ, ಇದನ್ನ ಹುಚ್ಚರು ಒಪ್ಪಲ್ಲ. ಎಬಿಎಸ್ ಎಲ್ಲಾ ಹೊಸ ಕಾರಿಗೂ ಕಡ್ಡಾಯವಾಗಿದ್ದು 2019ರಲ್ಲಿ, ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ 2022ರಿಂದ. ಹಳೇದು ತಗೊಂಡರೂ ಇವೆರಡೂ ಇರೋ ಮಾಡೆಲ್ಲೇ ಹುಡುಕಿ, ಐವತ್ತು ಸಾವಿರ ಹೆಚ್ಚಾದರೂ ಸರಿ. ಇನ್ನು ಮನೆಗೆಲ್ಲ ಇದೊಂದೇ ಗಾಡಿ, ಅಪ್ಪ ಅಮ್ಮನ್ನ ರಾತ್ರಿ ಹೊತ್ತು ಆಸ್ಪತ್ರೆಗೆ ಕರ್ಕೊಂಡು ಹೋಗೋದೂ ಇದರಲ್ಲೇ ಅಂತಾದರೆ, ಅಥವಾ ದಿನಾ ಚಿತ್ರದುರ್ಗಕ್ಕೆ ಹೋಗಿ ಬರೋ ಕೆಲಸವಾದರೆ, ನಾನೇ ಹೊಸದು ತಗೊಳ್ಳಿ ಅಂತೀನಿ. ಆದರೆ ಅದು 12 ಲಕ್ಷದ ಟರ್ಬೊ ಅಲ್ಲ, ಏಳು ಲಕ್ಷದೊಳಗಿನದು. ಮೂರು ಲಕ್ಷ ಕೈಯಿಂದ, ನಾಲ್ಕು ಲಕ್ಷ ಸಾಲ, ನಾಲ್ಕೇ ವರ್ಷ. ಕಂತು ಹತ್ತು ಸಾವಿರದ ಆಸುಪಾಸು ಬರುತ್ತೆ. ಟರ್ಬೊ ಆಸೆ ಅದು ತೀರಿದ ಮೇಲೆ.

ಹಳೇದನ್ನೇ ಗಟ್ಟಿ ಮಾಡಿದರೆ ಕೊನೇದಾಗಿ ಕಾಗದ ಪತ್ರ. ದುಡ್ಡು ಕೊಡೋ ಮುಂಚೆ ಎಂ ಪರಿವಾಹನ್ ಆ್ಯಪಲ್ಲಿ ನಂಬರ್ ಹಾಕಿ ನೋಡಿ. ಸಾಲ ಯಾವತ್ತೋ ತೀರಿಸಿದ್ದರೂ ಆರ್‌ಸಿಯಲ್ಲಿ ಎಚ್‌ಪಿ (ಗಾಡಿ ಮೇಲೆ ಸಾಲ ಇದೆ ಅನ್ನೋ ನಮೂದು) ಹಾಗೇ ಉಳಿದಿರೋ ಗಾಡಿ ಬೇಕಾದಷ್ಟಿವೆ. ಬ್ಯಾಂಕಿನ ಎನ್‌ಒಸಿ, ಆ ನಮೂದು ತೆಗೆಸೋ ಫಾರ್ಮ್ 35 ಎರಡನ್ನೂ ಮಾರೋರ ಕೈಯಲ್ಲೇ ತರಿಸಿ, ಎಚ್‌ಪಿ ಕ್ಯಾನ್ಸಲ್ ಆಗೋವರೆಗೂ ಒಂದಿಷ್ಟು ಬಾಕಿ ಹಿಡಿದಿಟ್ಟುಕೊಳ್ಳಿ. ಗಾಡಿ ನಿಮ್ಮ ಹೆಸರಿಗೆ ಮಾಡಿಸೋ ಫಾರ್ಮ್ 29, 30ಕ್ಕೆ ಅವತ್ತೇ ಸಹಿ ಹಾಕಿಸಿಕೊಳ್ಳಿ, ಬಾಕಿ ಟ್ರಾಫಿಕ್ ಫೈನ್ ಇದ್ದರೆ ಅವರೇ ಕಟ್ಟಲಿ. ಇನ್ಶೂರೆನ್ಸ್ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ, ಇಲ್ಲದಿದ್ದರೆ ನಿಮ್ಮ ಗಾಡಿಗೆ ಏಟು ಬಿದ್ದಾಗ ಕ್ಲೇಮ್ ಸಿಗೋದು ಕಷ್ಟ. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದೇ ಇದ್ದಿದ್ದಕ್ಕೆ ಪ್ರೀಮಿಯಮ್ಮಲ್ಲಿ ಸಿಗೋ ರಿಯಾಯಿತಿ) ಮಾತ್ರ ಮಾರಿದವರದ್ದೇ, ಗಾಡಿ ಜತೆ ಬರಲ್ಲ. ‘ಐವತ್ತು ಪರ್ಸೆಂಟ್ ಬೋನಸ್ ಐತ್ರಿ’ ಅಂತ ಬ್ರೋಕರ್ ಅದಕ್ಕೂ ಬೆಲೆ ಹೇಳಿದರೆ ಕೊಡಬೇಡಿ.